ಮಾಲೀಕರ ಹೆಸರು ಇಲ್ಲದವರ ಅರ್ಜಿ

ಓದುಗರೇ, ಆರೋಗ್ಯ ವಿಮೆಯನ್ನು ಕುರಿತ ನಮ್ಮ ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿದ ಸಂಜೆ, ಅತಿಥಿಗಳೆಲ್ಲ ಕಾಫಿ ಕುಡಿದು ಹೊರಟ ಮೇಲೆ, ಪ್ರಸಾಧನ ಕಲಾವಿದರೊಬ್ಬರು ಒಂದು ಅರ್ಜಿ ಹಿಡಿದುಕೊಂಡು ನನ್ನ ಬಳಿ ಬಂದರು. ಕಾರ್ಯಕ್ರಮಕ್ಕೆ ಇಷ್ಟು ಎಂದು ಸಂಭಾವನೆ ಪಡೆಯುವವರು ಅವರು. ಇಂದು ಸ್ಟುಡಿಯೋ, ನಾಳೆ ಮದುವೆ ಮನೆ, ನಾಡಿದ್ದು ನಾಟಕ ಕಂಪನಿ. ಅತಿಥಿಗಳ ಮುಖಕ್ಕೆ ಪೌಡರ್ ಹಚ್ಚಿ, ಬದಿಯಲ್ಲಿ ನಿಂತು ಅರ್ಧ ಗಂಟೆಯ ಚರ್ಚೆಯನ್ನೂ ಕೇಳಿಸಿಕೊಂಡಿದ್ದರು. ಅರ್ಜಿಯ ಒಂದು ಕಡೆ ಬೆರಳಿಟ್ಟು, "ಸಾರ್, ಇಲ್ಲಿ ಏನು ಬರೀಲಿ?" ಎಂದರು. ಅಲ್ಲಿ "ಮಾಲೀಕರ ಹೆಸರು ಮತ್ತು ವಿಳಾಸ" ಎಂದಿತ್ತು.

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ತಜ್ಞರೂ ಆ ಕಾಲಂನ ಹತ್ತಿರ ಸುಳಿದಿರಲಿಲ್ಲ. ಅವರನ್ನು ಅತ್ತ ಕರೆದೊಯ್ಯುವ ಪ್ರಶ್ನೆಯನ್ನು ಸಿದ್ಧಪಡಿಸಬೇಕಾಗಿದ್ದವನು ನಾನೇ ಆದ್ದರಿಂದ ತಪ್ಪು ನನ್ನದು. ಈ ಲೇಖನದಲ್ಲಿ ಆ ಬಾಕಿಯನ್ನು ತೀರಿಸಲು ಯತ್ನಿಸಿದ್ದೇನೆ. ಆ ಕಾಲಂ ಅಲ್ಲಿಗೆ ಬಂದದ್ದು ಹೇಗೆ, ಅದನ್ನು ತುಂಬಲಾರದವರಿಗೆ ಬೇರೆ ಬಾಗಿಲು ಯಾರು ಯಾರು ತೆರೆದರು ಎಂಬುದೇ ಇಲ್ಲಿಯ ವಿಷಯ. ದರ್ಜಿ, ಸ್ವಂತ ಆಟೋ ಓಡಿಸುವವರು, ಬಡಗಿ, ಎರಡು ಹಸು ಕಟ್ಟಿಕೊಂಡ ರೈತ ಮಹಿಳೆ, ಮನೆಪಾಠ ಹೇಳುವ ಮೇಷ್ಟ್ರು, ಎರಡು ತಿಂಗಳ ಗುತ್ತಿಗೆಯ ಮೇಲೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುವ ಇಂಜಿನಿಯರ್, ಇವರೆಲ್ಲ ಈ ಕಾಲಂನ ಮುಂದೆ ಸರಿಸಮಾನರು.

ಕಥೆ ಜರ್ಮನಿಯಲ್ಲಿ ಆರಂಭವಾಗುತ್ತದೆ. 1883ರಲ್ಲಿ ಬಿಸ್ಮಾರ್ಕ್ ತಂದ ಕಾಯಿಲೆ ವಿಮೆ ಕಾನೂನಿನಲ್ಲಿ ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಬ್ರಿಟನ್ನಿನಲ್ಲಿ ಲಾಯ್ಡ್ ಜಾರ್ಜ್ 1911ರಲ್ಲಿ ಇದೇ ದಾರಿ ಹಿಡಿದರು. ವಾರಕ್ಕೆ ಕಾರ್ಮಿಕನಿಂದ 4 ಪೆನ್ಸ್, ಮಾಲೀಕನಿಂದ 3, ಸರ್ಕಾರದಿಂದ 2. ಅದಕ್ಕೂ ಮುಂಚೆ ಅಲ್ಲಿನ ಕುಶಲಕರ್ಮಿಗಳು ತಮ್ಮತಮ್ಮಲ್ಲೇ ಸ್ನೇಹಸಂಘಗಳನ್ನು ಕಟ್ಟಿಕೊಂಡು, ವಾರಕ್ಕಿಷ್ಟು ಕಾಸು ಹಾಕಿ, ಹಾಸಿಗೆ ಹಿಡಿದವನ ಮನೆಗೆ ಹಣ ಕಳಿಸುತ್ತಿದ್ದರು. ಹೊಸ ಕಾನೂನು ಈ ಸಂಘಗಳನ್ನು ಒಳಗೆ ಸೇರಿಸಿಕೊಂಡಿತು. ಆದರೆ ಹಣ ಬರುವ ಮುಖ್ಯ ದಾರಿ ಮಾತ್ರ ಕಾರ್ಖಾನೆಯ ಸಂಬಳದ ಪುಸ್ತಕವಾಯಿತು.

ನಮ್ಮ ಮೈಸೂರು ಸಂಸ್ಥಾನವೂ ಈ ದಾರಿಗೆ ಹೊಸದಲ್ಲ. 1891ರಲ್ಲಿ ಸಂಸ್ಥಾನವು ತನ್ನ ನೌಕರರಿಗಾಗಿ ಜೀವ ವಿಮೆ ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ. ಅದು ಆರೋಗ್ಯ ವಿಮೆಯಲ್ಲವಾದರೂ ಸಂಬಳ ಕೈಸೇರುವ ಮೊದಲೇ ಕಂತು ಮುರಿದುಕೊಳ್ಳುವ ಅಭ್ಯಾಸ ಅಷ್ಟು ಹಳೆಯದು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸುವ ಕೆಲಸ ಬಂತು. 1944ರಲ್ಲಿ ಅವರು ಕೊಟ್ಟ ವರದಿ ಜವಳಿ, ಇಂಜಿನಿಯರಿಂಗ್, ಖನಿಜ ಮತ್ತು ಲೋಹ ಎಂಬ ಮೂರು ಉದ್ಯಮಗಳನ್ನು ಆರಿಸಿಕೊಂಡಿತ್ತು. ಅದರ ಫಲವಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವೆಲ್ಲ ಇ.ಎಸ್.ಐ. ಎಂದು ಕರೆಯುವ ವ್ಯವಸ್ಥೆ ಬಂತು. 1952ರ ಫೆಬ್ರವರಿ 24ರಂದು ಕಾನಪುರ ಮತ್ತು ದೆಹಲಿಗಳಲ್ಲಿ ಅದು ಜಾರಿಗೆ ಬಂದಾಗ ಉದ್ಘಾಟಿಸಿದವರು ನೆಹರೂ. ವಿದ್ಯುತ್ತಿನಂಥ ಶಕ್ತಿ ಬಳಸುವ, 20 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಮೊದಲು ಅನ್ವಯ. ಕೇಂದ್ರ ಸರ್ಕಾರಿ ನೌಕರರಿಗೆ 1954ರಲ್ಲಿ ಪ್ರತ್ಯೇಕ ಆರೋಗ್ಯ ಯೋಜನೆ. ಕಾರ್ಖಾನೆಗೂ ಕಚೇರಿಗೂ ಹೊರಗಿದ್ದ ಬಹುಸಂಖ್ಯಾತ ಭಾರತಕ್ಕೆ ಸರ್ಕಾರಿ ಆಸ್ಪತ್ರೆಯೇ ಗತಿ. ಅದು ಸಾಲದಿದ್ದರೆ ಒಡವೆ, ದನ, ಜಮೀನು, ಸಾಲ.

ಹೀಗೇಕಾಯಿತು? ಅಧಿಕಾರಿಗಳು ಕಲ್ಲೆದೆಯವರಾಗಿದ್ದರು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಮಾಲೀಕನೆಂಬುವನು ವಿಮೆಯ ಪಾಲಿಗೆ ಸದ್ದಿಲ್ಲದೆ ಮೂರು ಕೆಲಸ ಮಾಡಿಕೊಡುತ್ತಾನೆ. ಕಂತನ್ನು ಮುರಿದು ಕಟ್ಟುತ್ತಾನೆ. ಈತ ನಮ್ಮಲ್ಲಿ ದುಡಿಯುವವನೇ ಹೌದು ಎಂದು ಗುರುತು ಹೇಳುತ್ತಾನೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಗಟ್ಟಿಮುಟ್ಟಾದವರನ್ನೂ ಕಾಯಿಲೆಯವರನ್ನೂ ಒಟ್ಟಿಗೆ ತಂದು ಸೇರಿಸುತ್ತಾನೆ.

ಈ ಮೂರನೆಯದು ಏಕೆ ದೊಡ್ಡದು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. ಬಿ.ಎಸ್ಸಿ.ಯಲ್ಲಿ ಸಂಭವನೀಯತೆಯ ಪಾಠವನ್ನು ನಾಣ್ಯ ಚಿಮ್ಮಿ ಕಲಿತಾಗ ಅದರ ಉಪಯೋಗ ನನಗೆ ಹೊಳೆದಿರಲಿಲ್ಲ. ಸಾವಿರ ಮಂದಿಯಲ್ಲಿ ವರ್ಷಕ್ಕೆ 10 ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ತಲಾ 20,000 ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳೋಣ. ಒಟ್ಟು 2 ಲಕ್ಷ. ಎಲ್ಲರೂ ಸೇರಿದರೆ ತಲೆಗೆ 200 ರೂಪಾಯಿ. ಸೇರುವುದು ಬಿಡುವುದು ನಿಮ್ಮ ಇಷ್ಟ ಎಂದಾಗ, ತಮಗೇನೂ ಆಗದು ಎಂಬ ಧೈರ್ಯದ 500 ಮಂದಿ ಹಿಂದೆ ಸರಿಯುತ್ತಾರೆ. ಶಸ್ತ್ರಚಿಕಿತ್ಸೆ ಬೇಕಾದ 10 ಮಂದಿ ಮಾತ್ರ ಸರಿಯುವುದಿಲ್ಲ. ಈಗ ತಲೆಗೆ 400. ಕಂತು ಏರಿತೆಂದು ಇನ್ನೂರು ಮಂದಿ ಬಿಡುತ್ತಾರೆ. ಆಗ ಸುಮಾರು 670. ವಿಮಾ ಕಂಪನಿ ಒಂಟಿಯಾಗಿ ಬಂದ ದರ್ಜಿಯನ್ನು ಅನುಮಾನದಿಂದ ನೋಡಿ, "ಸಕ್ಕರೆ ಕಾಯಿಲೆ ಇದೆಯೇ? ಹಿಂದೆ ಎದೆನೋವು ಬಂದಿತ್ತೇ?" ಎಂದು ಕೇಳುವುದರ ಹಿಂದೆ ಈ ಹೆದರಿಕೆ ಇದೆ. ಕಾರ್ಖಾನೆಯ ಸಾವಿರ ಕಾರ್ಮಿಕರು ಒಟ್ಟಿಗೆ ಬಂದಾಗ ಆ ಪ್ರಶ್ನೆ ಬೇಕಾಗುವುದಿಲ್ಲ.

ಆದ್ದರಿಂದ, ಸ್ವಂತ ದುಡಿಮೆಗಾರರ ಆರೋಗ್ಯ ವಿಮೆಯ ಇತಿಹಾಸವೆಂದರೆ ಮಾಲೀಕನ ಜಾಗದಲ್ಲಿ ಯಾರನ್ನು ಕೂರಿಸಬೇಕು ಎಂಬ ಹುಡುಕಾಟ ಎನ್ನಬಹುದು.

ಮೊದಲ ಪ್ರಯತ್ನಗಳಲ್ಲಿ ಒಂದು ಬೀಡಿಯಿಂದ ಬಂತು. ದಕ್ಷಿಣ ಕನ್ನಡದ ಮನೆಮನೆಗಳ ಜಗಲಿಯ ಮೇಲೆ ಬೀಡಿ ಕಟ್ಟುವ ಹೆಂಗಸರನ್ನು ತಾವು ಕಂಡಿರಬಹುದು. ಎಲೆ, ಹೊಗೆಸೊಪ್ಪು ಕೊಟ್ಟು ಲೆಕ್ಕ ಬರೆದುಕೊಳ್ಳುವವರು ಇರುತ್ತಾರೆ, ಆದರೆ ಕಾರ್ಖಾನೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. 1976ರ ಕಾಯ್ದೆಗಳು ಮಾಲೀಕನನ್ನು ಹುಡುಕುವ ಗೋಜಿಗೆ ಹೋಗದೆ, ತಯಾರಾದ ಬೀಡಿಯ ಮೇಲೆಯೇ ಕರ ಹಾಕಿ ಕಲ್ಯಾಣ ನಿಧಿ ಕಟ್ಟಿದವು. ಅದರಿಂದ ಔಷಧಾಲಯಗಳು ನಡೆದವು, ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಆಸ್ಪತ್ರೆ ಬಂತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಕರ ರದ್ದಾಯಿತು. ಸರಕನ್ನೇ ಮಾಲೀಕನ ಜಾಗದಲ್ಲಿ ಕೂರಿಸಿದ ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಮತ್ತೆ ಬರುತ್ತದೆ.

ಇನ್ನೊಂದು ಪ್ರಯತ್ನ ಅಹಮದಾಬಾದಿನದು. 1972ರಲ್ಲಿ ಇಳಾ ಭಟ್ ಅವರು ತಲೆಹೊರೆಯವರು, ತರಕಾರಿ ಮಾರುವವರು, ಮನೆಯಲ್ಲೇ ಹೊಲಿಯುವವರನ್ನು ಕೂಡಿಸಿ 'ಸೇವಾ' ಎಂಬ ಸಂಘ ಕಟ್ಟಿ, ನೋಂದಣಿಗೆ ಹೋದಾಗ ಕಾರ್ಮಿಕ ಇಲಾಖೆ ಎತ್ತಿದ ಆಕ್ಷೇಪ ನಮ್ಮ ಪ್ರಸಾಧನ ಕಲಾವಿದರ ಕಾಲಂನದೇ: ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ? ಸಂಘ ಇರುವುದು ಯಾರದೋ ವಿರುದ್ಧ ನಿಲ್ಲುವುದಕ್ಕಲ್ಲ, ದುಡಿಯುವವರು ಒಂದಾಗುವುದಕ್ಕೆ ಎಂದು ವಾದಿಸಿ ಆಕೆ ನೋಂದಣಿ ಪಡೆದರು. 1974ರಲ್ಲಿ ಅವರದೇ ಬ್ಯಾಂಕ್, 1992ರಲ್ಲಿ ವಿಮೆ. ಸದಸ್ಯೆ ಒಮ್ಮೆ ಒಂದಿಷ್ಟು ಠೇವಣಿ ಇಟ್ಟರೆ, ಅದರ ಬಡ್ಡಿಯಿಂದಲೇ ವರ್ಷವರ್ಷದ ಕಂತು ಸಂದಾಯ. ಕಂತಿನ ದಿನ ಕೈಯಲ್ಲಿ ಕಾಸಿಲ್ಲ ಎಂಬ ಮಾತೇ ಇಲ್ಲ. ದಿನದ ಸಂಪಾದನೆಯವರ ಕಷ್ಟ ತಿಳಿದವರಿಗಷ್ಟೇ ಹೊಳೆಯಬಹುದಾದ ಏರ್ಪಾಡು ಇದು.

ಈ ನಡುವೆ, 1986ರಲ್ಲಿ, ರಾಷ್ಟ್ರೀಕೃತ ಸಾಮಾನ್ಯ ವಿಮಾ ಕಂಪನಿಗಳು 'ಮೆಡಿಕ್ಲೇಮ್' ಪಾಲಿಸಿ ತಂದವು. ಮಾಲೀಕನ ಹಂಗಿಲ್ಲದೆ ಯಾರು ಬೇಕಾದರೂ ಕೊಳ್ಳಬಹುದಾಗಿತ್ತು. ಡಾಕ್ಟರು, ವಕೀಲರು, ವ್ಯಾಪಾರಸ್ಥರು ಕೊಂಡರು, ಅದಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೂ ಇತ್ತು. ಮೊದಲು ಆಸ್ಪತ್ರೆಗೆ ಹಣ ಕಟ್ಟಿ, ಆಮೇಲೆ ಬಿಲ್ಲುಗಳ ಕಂತೆಯನ್ನು ಕಂಪನಿಗೆ ಸಲ್ಲಿಸಿ ಕಾಯುವ ಪದ್ಧತಿ. ಪಾಲಿಸಿಗೆ ಮುಂಚಿನಿಂದ ಇದ್ದ ಕಾಯಿಲೆಗೆ ದುಡ್ಡಿಲ್ಲ. ಕೈಯಲ್ಲಿ ಹಣವಿದ್ದವರಿಗೆ ಇದು ಸರಿ. ಬಡವರಿಗೆಂದು 1996ರಲ್ಲಿ 'ಜನ ಆರೋಗ್ಯ' ಎಂಬ ಅಗ್ಗದ ಪಾಲಿಸಿ ಬಂತು: 45 ವರ್ಷದೊಳಗಿನವರಿಗೆ ವರ್ಷಕ್ಕೆ 70 ರೂಪಾಯಿ, 5,000 ರೂಪಾಯಿವರೆಗೆ ಪರಿಹಾರ. ಅದು ಹೆಚ್ಚು ಓಡಲಿಲ್ಲ. 70 ರೂಪಾಯಿಯ ಪಾಲಿಸಿ ಮಾರಲು ಯಾವ ಏಜೆಂಟ್ ಬಸ್ ಹತ್ತಿ ಹಳ್ಳಿಗೆ ಹೋಗುತ್ತಾನೆ? ಕಂತು ಅಗ್ಗವಾದರೆ ಸಾಲದು, ಅದನ್ನು ವಸೂಲು ಮಾಡುವ ಖರ್ಚೂ ಅಗ್ಗವಾಗಬೇಕಿತ್ತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವೆ.

ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ್ದು, ಅದು ದೇಶದಲ್ಲೇ ಮೊದಲನೆಯದೆಂಬ ಹೆಸರು ಪಡೆದದ್ದು ತಮಗೆ ಗೊತ್ತಿರುವ ಸಂಗತಿ. ಮುಂದಿನ ನೂರು ವರ್ಷಗಳಲ್ಲಿ ಪತ್ತಿನ ಸಂಘ, ಹಾಲಿನ ಡೇರಿ ಇಲ್ಲದ ಹೋಬಳಿಯೇ ಇಲ್ಲವೆಂಬಂತಾಯಿತು. ಡೇರಿಯ ಕಾರ್ಯದರ್ಶಿಗೆ ಊರಿನ ಪ್ರತಿ ಮನೆಯ ಹಸು ಎಷ್ಟು ಲೀಟರ್ ಕೊಡುತ್ತದೆಂಬುದು ಗೊತ್ತು, ಆ ಮನೆಯಲ್ಲಿ ಎಷ್ಟು ಜನರಿದ್ದಾರೆಂಬುದೂ ಗೊತ್ತು. ಮುಖ್ಯವಾಗಿ, ಹಾಲಿನ ಬಟವಾಡೆ ಅವರ ಕೈಯಿಂದಲೇ ಆಗುತ್ತದೆ.

ಮಾಲೀಕ ಮಾಡುವ ಮೂರು ಕೆಲಸಗಳನ್ನು ಈಗ ನೆನಪಿಸಿಕೊಳ್ಳಿ. ಕಂತು ಮುರಿಯುವುದು, ಗುರುತು ಹೇಳುವುದು, ಎಲ್ಲರನ್ನೂ ಒಟ್ಟಿಗೆ ತರುವುದು. ಮೂರನ್ನೂ ಮಾಡಬಲ್ಲ ಸಂಸ್ಥೆ ಊರ ನಡುವೆಯೇ ಇತ್ತು!

ಇದನ್ನು ಬಳಸಿಕೊಂಡದ್ದು 'ಯಶಸ್ವಿನಿ'. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಪ್ರೇರಣೆ, ಎಸ್. ಎಂ. ಕೃಷ್ಣ ಅವರ ಸರ್ಕಾರದ ಬೆಂಬಲ, ಸಹಕಾರ ಇಲಾಖೆಯ ಜಾಲ, ಇವು ಕೂಡಿ 2003ರ ಜೂನ್ 1ರಿಂದ ಯೋಜನೆ ಕೆಲಸ ಆರಂಭಿಸಿತು. ಸಹಕಾರ ಸಂಘದ ಸದಸ್ಯನಾದ ರೈತ ತಲೆಗೆ ತಿಂಗಳಿಗೆ 5 ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕೊಡಬೇಕು. ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಪಟ್ಟಿಯಲ್ಲಿದ್ದ 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳಿಗೆ, ಒಂದು ಶಸ್ತ್ರಚಿಕಿತ್ಸೆಗೆ 1 ಲಕ್ಷ, ವರ್ಷಕ್ಕೆ 2 ಲಕ್ಷದವರೆಗೆ, ಒಪ್ಪಂದದ ಆಸ್ಪತ್ರೆಗಳಲ್ಲಿ ಹಣ ಕಟ್ಟದೆ ಚಿಕಿತ್ಸೆ. ನಡುವೆ ವಿಮಾ ಕಂಪನಿಯೇ ಇರಲಿಲ್ಲ. ಒಂದು ಟ್ರಸ್ಟ್ ಹಣ ಇಟ್ಟುಕೊಂಡು, ಆಸ್ಪತ್ರೆಗಳೊಡನೆ ದರ ನಿಗದಿ ಮಾಡಿಕೊಂಡು, ಬಿಲ್ಲು ಪರಿಶೀಲನೆಯನ್ನು ಮಾತ್ರ ಹೊರಗಿನ ಸಂಸ್ಥೆಗೆ ಒಪ್ಪಿಸಿತು. ಮೊದಲ ವರ್ಷವೇ 16 ಲಕ್ಷ ಮಂದಿ ಸೇರಿದರು. ಅದೇ 2003ರಲ್ಲಿ ಕೇಂದ್ರ ಸರ್ಕಾರವೂ ದಿನಕ್ಕೆ ಒಂದು ರೂಪಾಯಿಯ ಸಾರ್ವತ್ರಿಕ ಆರೋಗ್ಯ ವಿಮೆ ಎಂಬ ಯೋಜನೆಯನ್ನು ಇಡೀ ದೇಶಕ್ಕೆ ಘೋಷಿಸಿತ್ತು. ಅದನ್ನು ಮಾರಬೇಕಾದವರು ವಿಮಾ ಕಂಪನಿಗಳು. ಬಡವರಲ್ಲಿ ಅದನ್ನು ಕೊಂಡವರು ತೀರ ಕಡಿಮೆ. ಎರಡರ ಕಂತೂ ಸಣ್ಣದೇ, ವ್ಯತ್ಯಾಸ ಡೇರಿ ಕಾರ್ಯದರ್ಶಿಯದು ಎಂಬುದು ನನ್ನ ಅನಿಸಿಕೆ.

ಯಶಸ್ವಿನಿಯ ಪಟ್ಟಿಯನ್ನು ಓದಿದರೆ ಅದು ಯಾರಿಗಾಗಿ ಎಂಬುದು ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲದ ಕೆಲವು ತುರ್ತುಗಳೂ ಅದಕ್ಕೆ ಸೇರಿದವು: ಹಾವು ಕಡಿತ, ನೀರಿನಲ್ಲಿ ಮುಳುಗುವುದು, ಕೃಷಿ ಯಂತ್ರಕ್ಕೆ ಸಿಕ್ಕಿ ಗಾಯ, ಎತ್ತು ಹಾಯ್ದು ಆದ ಗಾಯ. ಎತ್ತು ಹಾಯುವುದನ್ನು ಹೆಸರಿಟ್ಟು ಬರೆದ ವಿಮೆ ಇನ್ನೆಲ್ಲಿದೆಯೋ ನಾನರಿಯೆ.

ಆದರೆ ಮೇಲಿನ ಲೆಕ್ಕ ಯಶಸ್ವಿನಿಯನ್ನೂ ಬಿಡಲಿಲ್ಲ. ಮೊದಲ ವರ್ಷ ಸುಮಾರು 9 ಸಾವಿರ ಶಸ್ತ್ರಚಿಕಿತ್ಸೆ, ಎರಡನೆಯ ವರ್ಷ 20 ಲಕ್ಷ ಸದಸ್ಯರಿಗೆ ಸುಮಾರು 15 ಸಾವಿರ. ಖರ್ಚು ಏರಿದ್ದರಿಂದ ಮೂರನೆಯ ವರ್ಷ ಕಂತನ್ನು 120 ರೂಪಾಯಿಗೆ ಏರಿಸಲಾಯಿತು. ಸದಸ್ಯರು 14.7 ಲಕ್ಷಕ್ಕೆ ಇಳಿದರು, ಶಸ್ತ್ರಚಿಕಿತ್ಸೆಗಳು ಮಾತ್ರ 19 ಸಾವಿರ ದಾಟಿದವು. ಸಾವಿರಕ್ಕೆ ಐದಾರು ಇದ್ದದ್ದು ಹದಿಮೂರರ ಹತ್ತಿರಕ್ಕೆ ಬಂತು. ಜನರಿಗೆ ಯೋಜನೆ ಪರಿಚಯವಾದದ್ದು, ಬಹುಕಾಲ ಮುಂದೂಡಿದ್ದ ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡದ್ದು ಒಂದು ಕಾರಣವಿರಬೇಕು. ಬೇಕಾದವರು ಉಳಿದು, ಬೇಡವಾದವರು ಬಿಟ್ಟದ್ದು ಇನ್ನೊಂದು. ಸರ್ಕಾರದ ಅನುದಾನವಿಲ್ಲದೆ ಯೋಜನೆ ತನ್ನ ಕಾಲ ಮೇಲೆ ನಿಲ್ಲುತ್ತದೆಂಬ ಆರಂಭದ ಆಸೆ ಅಲ್ಲಿಗೆ ಮುಗಿಯಿತು. ಆದರೂ ಯೋಜನೆ ನಡೆಯಿತು. 2018ರಲ್ಲಿ 'ಆರೋಗ್ಯ ಕರ್ನಾಟಕ' ಬಂದಾಗ ಅದನ್ನು ನಿಲ್ಲಿಸಲಾಯಿತು. ಸಹಕಾರಿಗಳ ಒತ್ತಾಯದ ಮೇಲೆ 2022ರ ನವೆಂಬರಿನಲ್ಲಿ ಮತ್ತೆ ನೋಂದಣಿ ತೆರೆದು, 2023ರ ಜನವರಿಯಿಂದ ಚಿಕಿತ್ಸೆ ಆರಂಭವಾಯಿತು. ಆಗ ನಿಗದಿಯಾದ ಕಂತು ನಾಲ್ವರ ಗ್ರಾಮೀಣ ಕುಟುಂಬಕ್ಕೆ 500 ರೂಪಾಯಿ, ನಗರದ ಸಹಕಾರ ಸಂಘಗಳ ಸದಸ್ಯರ ಕುಟುಂಬಕ್ಕೆ 1,000 ರೂಪಾಯಿ. ರಕ್ಷಣೆ ವರ್ಷಕ್ಕೆ 5 ಲಕ್ಷದವರೆಗೆ. ನೇಕಾರರ, ಮೀನುಗಾರರ, ಬೀಡಿ ಕಾರ್ಮಿಕರ ಸಹಕಾರ ಸಂಘದವರಿಗೂ ಬಾಗಿಲು ತೆರೆದಿದೆ.

ಸಂಘದ ದಾರಿ ಒಂದಾದರೆ, ಪಡಿತರ ಚೀಟಿಯ ದಾರಿ ಇನ್ನೊಂದು. 2008ರ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯಲ್ಲಿ ಬಡ ಕುಟುಂಬ 30 ರೂಪಾಯಿ ಕೊಟ್ಟು ಸ್ಮಾರ್ಟ್ ಕಾರ್ಡ್ ಪಡೆದರೆ ಐವರಿಗೆ 30,000 ರೂಪಾಯಿವರೆಗೆ ಚಿಕಿತ್ಸೆ. ಮುಂದೆ ಬೀದಿ ವ್ಯಾಪಾರಿಗಳು, ಆಟೋ ಚಾಲಕರು, ಮನೆಗೆಲಸದವರನ್ನೂ ಅದಕ್ಕೆ ಸೇರಿಸಲಾಯಿತು. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ 'ವಾಜಪೇಯಿ ಆರೋಗ್ಯಶ್ರೀ' ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ, ಬಿ.ಪಿ.ಎಲ್. ಕುಟುಂಬಗಳಿಗೆ, ಕಂತೇ ಇಲ್ಲದ ಯೋಜನೆ. ಅದು ಇದ್ದ ಮತ್ತು ಇಲ್ಲದ ಗಡಿ ಹಳ್ಳಿಗಳನ್ನು ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆ ಆ ಕಾಯಿಲೆಗಳಿಂದಾದ ಸಾವು ಬಡವರಲ್ಲಿ ಶೇ. 64ರಷ್ಟು ಕಡಿಮೆ ಇತ್ತು.

ಈ ದಾರಿಯ ತೊಡಕು ಬೇರೆ. ಕಾರ್ಡ್ ಬಡತನವನ್ನು ಗುರುತಿಸುತ್ತದೆ, ದುಡಿಮೆಯ ಬಗೆಯನ್ನಲ್ಲ. ಸಾಲದಲ್ಲಿ ಆಟೋ ಕೊಂಡವನು, ಸಣ್ಣ ಅಂಗಡಿಯವಳು ಎ.ಪಿ.ಎಲ್. ಪಟ್ಟಿಗೆ ಹೋದರೆ, ಇ.ಎಸ್.ಐ.ಗೂ ಇಲ್ಲ, ಉಚಿತ ಯೋಜನೆಗೂ ಇಲ್ಲ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಡನೆ ಆರೋಗ್ಯ ಕರ್ನಾಟಕ ಕೂಡಿಕೊಂಡಾಗ ಈ ನಡುವಿನವರಿಗೆ ಒಂದು ಕಿಂಡಿ ತೆರೆಯಿತು: ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದ ಶೇ. 70 ಅವರದೇ. ನಮ್ಮ ಪ್ರಸಾಧನ ಕಲಾವಿದರು ಈ ಶೇ. 30ರ ಸಾಲಿನಲ್ಲಿದ್ದಾರೆ.

ಈಚಿನ ಅಧ್ಯಾಯ ಮೊಬೈಲ್ ಫೋನಿನ ಮೂಲಕ ಬಂದದ್ದು. ಊಟ ತಲುಪಿಸುವ ಹುಡುಗನಿಗೆ ಆದೇಶ ಬರುವುದು, ದರ ನಿಗದಿಯಾಗುವುದು, ಕೆಲಸ ತಪ್ಪುವುದು ಎಲ್ಲ ಕಂಪನಿಯ ಆ್ಯಪ್‌ನಿಂದ, ಆದರೆ ಕಾಗದದಲ್ಲಿ ಅವನು ಸ್ವತಂತ್ರ ಗುತ್ತಿಗೆದಾರ. ಕರ್ನಾಟಕ 2023ರಲ್ಲಿ ಇವರಿಗೆ ಕಂತಿಲ್ಲದ 4 ಲಕ್ಷದ ವಿಮೆ ಘೋಷಿಸಿತು, ಅದು ಜೀವ ಮತ್ತು ಅಪಘಾತಕ್ಕೆ. 2025ರ ಕರ್ನಾಟಕ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ. 1ರಿಂದ 5ರಷ್ಟನ್ನು ಕಂಪನಿಯಿಂದ ಕಲ್ಯಾಣ ನಿಧಿಗೆ ಪಡೆಯುವ ಅವಕಾಶ ಮಾಡಿದೆ. ರಾಜಸ್ಥಾನ 2023ರಲ್ಲೇ ಇಂಥ ಕಾಯ್ದೆ ಮಾಡಿತ್ತು. ಬೀಡಿಯ ಕರ ನೆನಪಾಯಿತಲ್ಲವೇ? ಅಂದು ಕಟ್ಟಿದ ಬೀಡಿಯ ಮೇಲೆ, ಇಂದು ತಲುಪಿಸಿದ ಊಟದ ಮೇಲೆ.

ಇವು ಯಾವುದಕ್ಕೂ ಸೇರದವರಿಗೆ ಸ್ವಂತ ಪಾಲಿಸಿಯೇ ಉಳಿಯುತ್ತದೆ. 1986ಕ್ಕೆ ಹೋಲಿಸಿದರೆ ಅದು ಸುಧಾರಿಸಿದೆ. ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಏರ್ಪಾಡು ಈಗ ಸಾಮಾನ್ಯ. 2024ರ ನಿಯಮದಂತೆ, ಮುಂಚಿನಿಂದಿದ್ದ ಕಾಯಿಲೆಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಐದು ವರ್ಷ ಬಿಡದೆ ಕಂತು ಕಟ್ಟಿದವರ ಕ್ಲೇಮನ್ನು, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರೆಂದು ನಿರಾಕರಿಸುವಂತಿಲ್ಲ. ಹಾಗೆಂದು ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ವೈಯಕ್ತಿಕ ಪಾಲಿಸಿಗಳ ಮೇಲಿದ್ದ ಶೇ. 18ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಆದರೂ ಒಂಟಿಯಾಗಿ ಬರುವವರ ಕಂತು ವಯಸ್ಸಿನೊಡನೆ ಏರುತ್ತಲೇ ಹೋಗುತ್ತದೆ.

ಒಂದು ವಿಷಯ ಹೇಳದೆ ಉಳಿದಿದೆ. ಇ.ಎಸ್.ಐ.ಗೆ ಸೇರಿದ ಕಾರ್ಮಿಕ ಕಾಯಿಲೆ ಬಿದ್ದರೆ, ಚಿಕಿತ್ಸೆಯ ಜೊತೆಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70 ಕೈಗೆ ಸಿಗುತ್ತದೆ. ಮೇಲೆ ಹೇಳಿದ ದೊಡ್ಡ ಯೋಜನೆಗಳಲ್ಲಿ ಸ್ವಂತ ದುಡಿಮೆಗಾರರಿಗೆ ಹೀಗೆ ಕೂಲಿ ಕೊಡುವುದು ಇಲ್ಲ. ಆಸ್ಪತ್ರೆಯ ಬಿಲ್ಲು ಯಾರಾದರೂ ಕಟ್ಟಿಯಾರು, ಹೊಲಿಗೆ ಯಂತ್ರ ನಿಂತ ಹದಿನೈದು ದಿನಗಳ ಮನೆ ಖರ್ಚು? 2002ರಲ್ಲಿ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ ತಿರುಮಕೂಡಲು ನರಸೀಪುರ ಮತ್ತು ಬೈಲಹೊಂಗಲ ತಾಲ್ಲೂಕುಗಳಲ್ಲಿ ಒಂದು ಪ್ರಯೋಗ ಮಾಡಿತು. ಸರ್ಕಾರಿ ಆಸ್ಪತ್ರೆಗೆ ದಾಖಲಾದ ಸದಸ್ಯನಿಗೆ, ಔಷಧಿಯ ಹಣದ ಜೊತೆಗೆ, ಕೂಲಿ ನಷ್ಟಕ್ಕೆಂದು ದಿನಕ್ಕೆ 50 ರೂಪಾಯಿ. ಸಣ್ಣ ಮೊತ್ತ, ಎರಡೇ ತಾಲ್ಲೂಕು.

ಪ್ರಸಾಧನ ಕಲಾವಿದರಿಗೆ ನಾನು ಹೇಳಿದ್ದು ಇಷ್ಟು: ಆ ಅರ್ಜಿ ಹಿಂದಿರುಗಿಸಿ, ಅದು ನಿಮಗಾಗಿ ಅಚ್ಚಾದದ್ದಲ್ಲ. ನಿಮ್ಮ ಬಡಾವಣೆಯ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯತ್ವ ಕೇಳಿ, ಯಶಸ್ವಿನಿಯ ನೋಂದಣಿ ಯಾವ ತಿಂಗಳು ತೆರೆಯುತ್ತದೆಂದು ಕಾರ್ಯದರ್ಶಿಯವರಿಂದ ತಿಳಿದುಕೊಳ್ಳಿ. ಅವರು ತಲೆಯಾಡಿಸಿ, ಬ್ರಷ್ಷುಗಳನ್ನು ಪೆಟ್ಟಿಗೆಗೆ ತುಂಬುತ್ತಾ ಕೇಳಿದ್ದು, ಆ ಹದಿನೈದು ದಿನದ ಮಾತನ್ನೇ.